ವಾರಂಟಿಗೆ ಮುಪ್ಪಿಲ್ಲ, ಅಡಗಿದವನಿಗೆ ನೆಮ್ಮದಿಯಿಲ್ಲ

ಕೈಸಾಲದ ಪ್ರೋನೋಟಿಗೆ ಮೂರು ವರ್ಷ. ಬ್ಯಾಂಕಿನ ಚೆಕ್ಕಿಗೆ ಮೂರು ತಿಂಗಳು. ಬಸ್ ಪಾಸಿಗೆ ಒಂದೇ ತಿಂಗಳು. ಲೋಕದಲ್ಲಿ ಕಾಗದಕ್ಕೂ ಒಂದು ಆಯುಸ್ಸು ಅಂತ ಇದೆ. ಆಯುಸ್ಸೇ ಇಲ್ಲದ ಕಾಗದವೂ ಒಂದಿದೆ: ತಾಲ್ಲೂಕು ಕೋರ್ಟಿನ ಮೊಹರು ಬಿದ್ದ ದಸ್ತಗಿರಿ ವಾರಂಟ್.

ಹೊರಡಿಸಿದ ಕೋರ್ಟೇ ಅದನ್ನು ರದ್ದು ಮಾಡಬೇಕು, ಇಲ್ಲವೇ ಪೊಲೀಸರು ಆಸಾಮಿಯನ್ನು ಹಿಡಿದು ತರಬೇಕು. ಎರಡರಲ್ಲಿ ಒಂದು ಆಗುವ ತನಕ ವಾರಂಟ್ ಸಾಯುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮು ಹೇಳಿದ್ದು ಇದನ್ನೇ. 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮು ಹೇಳುವುದೂ ಇದನ್ನೇ. ಕಾನೂನಿನ ಹೆಸರು ಬದಲಾಯಿತು, ಹಳೇ ವಾರಂಟು ಹಾಗೇ ಉಳಿಯಿತು.

"ಕಳ್ಳಕಾಕರಿಗೆ ತಾನೇ ವಾರಂಟು, ಮರ್ಯಾದಸ್ಥರಿಗೆ ಯಾಕೆ ಸ್ವಾಮಿ?" ಅಂತ ಕೇಳುವವರಿದ್ದಾರೆ. ತುಮಕೂರು ಜಿಲ್ಲೆಯ ಯಾವುದೇ ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಒಂದು ಬೆಳಿಗ್ಗೆ ಕೂತರೆ ಉತ್ತರ ತಾನಾಗಿ ಸಿಗುತ್ತದೆ. ಅಟೆಂಡರ್ ಮೂರು ಸಲ ಹೆಸರು ಕೂಗುತ್ತಾನೆ. ಓಗೊಡುವವರಿಲ್ಲ. ವಕೀಲರೂ ಇಲ್ಲ. ಸಾಹೇಬರು ಕಡತದ ಮೇಲೆ ಒಂದು ಸಾಲು ಬರೆಯುತ್ತಾರೆ. ಅಲ್ಲಿಗೆ ವಾರಂಟು ಹುಟ್ಟಿತು. ಬರುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟವನು ವಾಯಿದೆಗೆ ಬಾರದಿದ್ದರೆ ಹಿಡಿದು ತರಿಸುವ ಅಧಿಕಾರವನ್ನು 92ನೇ ಕಲಮು ಕೋರ್ಟಿಗೆ ಕೊಟ್ಟಿದೆ. ಬಾರದವನು ರೌಡಿಯೇ ಆಗಬೇಕೆಂದಿಲ್ಲ. ಬಸ್ ತಪ್ಪಿಸಿಕೊಂಡವನಾಗಿರಬಹುದು, ತಾರೀಖು ಮರೆತವನಾಗಿರಬಹುದು, "ನೀವು ಬರಬೇಕಾಗಿಲ್ಲ, ನಾನು ನೋಡ್ಕೋತೀನಿ" ಅಂದ ವಕೀಲರನ್ನು ನಂಬಿದವನೂ ಆಗಿರಬಹುದು.

ಅಂಗಡಿಯವರಿಗೆ ಈ ವಾರಂಟು ಹೆಚ್ಚಾಗಿ ಬರುವುದು ಚೆಕ್ ಬೌನ್ಸ್ ದಾರಿಯಲ್ಲಿ. ಮಂಡಿ ವ್ಯಾಪಾರಿಗೆ ಕೊಟ್ಟ ಚೆಕ್ಕು ವಾಪಸಾಯಿತು ಅನ್ನಿ. ಬ್ಯಾಂಕಿನ ಮೆಮೋ ಕೈಗೆ ಬಂದ 30 ದಿನದೊಳಗೆ ಅವನು ನೋಟಿಸ್ ಕೊಡುತ್ತಾನೆ. ನೋಟಿಸ್ ಮುಟ್ಟಿದ 15 ದಿನದೊಳಗೆ ದುಡ್ಡು ಕಟ್ಟದಿದ್ದರೆ 138ನೇ ಕಲಮಿನ ಕೇಸು. ಎರಡು ವರ್ಷದ ತನಕ ಸಜೆ, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರ ತನಕ ದಂಡ, ಇಲ್ಲವೇ ಎರಡೂ. ಆದರೆ ಇದು ಜಾಮೀನು ಸಿಗುವ ಅಪರಾಧ. ಮೊದಲನೇ ತಾರೀಖಿಗೆ ಹೋಗಿ ನಿಂತವನು ಜಾಮೀನು ಕೊಟ್ಟು ಸಂಜೆಯ ಹೊತ್ತಿಗೆ ಅಂಗಡಿ ಬಾಗಿಲು ತೆಗೆಯಬಹುದು. ಹೋಗದೇ ತಪ್ಪಿಸಿಕೊಂಡವನ ಮೇಲೆ ಸಮನ್ಸು, ಆಮೇಲೆ ಜಾಮೀನು ಸಹಿತ ವಾರಂಟು, ಕೊನೆಗೆ ಜಾಮೀನು ರಹಿತ ವಾರಂಟು. ತಮಾಷೆ ನೋಡಿ, ಕೇಸಿಗೆ ಜಾಮೀನು ಉಂಟು, ಕೇಸಿಗೆ ಹೋಗದ ತಪ್ಪಿಗೆ ಇಲ್ಲ!

ಈ ಮೂರು ಮೆಟ್ಟಿಲು ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ಸಮನ್ಸು ಅಥವಾ ಜಾಮೀನು ಸಹಿತ ವಾರಂಟು ಕಳಿಸಿ ನೋಡಬೇಕು, ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ಮನವರಿಕೆಯಾದ ಮೇಲೆ ಜಾಮೀನು ರಹಿತ ವಾರಂಟು ಅಂತ ಸುಪ್ರೀಂ ಕೋರ್ಟು 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಮನುಷ್ಯನ ಸ್ವಾತಂತ್ರ್ಯದ ಮಾತು, ಹುಡುಗಾಟವಲ್ಲ.

ಅವಿತುಕೊಂಡರೆ ಏನಾಗುತ್ತದೆ? ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರ. ಗಡಿ ದಾಟಿ ಹಿಂದೂಪುರಕ್ಕೋ, ದೂರದ ಬೆಂಗಳೂರಿಗೋ ಹೋಗಿ ಕೂಲಿ ಮಾಡಿಕೊಂಡಿದ್ದರೆ ಆಯ್ತು ಅನ್ನುವ ಭಾವನೆ ಕೆಲವರಿಗಿದೆ. ಆದರೆ ವಾರಂಟಿಗೆ ಗಡಿಕಲ್ಲು ಇಲ್ಲ, ಭಾರತದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು. ಆಸಾಮಿ ಸಿಗದಿದ್ದರೆ ಕೋರ್ಟು ಉದ್ಘೋಷಣೆ ಹೊರಡಿಸುತ್ತದೆ. ಹಾಜರಾಗಲು ಕಡೇಪಕ್ಷ 30 ದಿನ ಕೊಟ್ಟು, ಊರಿನ ನಾಲ್ಕು ಜನ ಸೇರುವ ಜಾಗದಲ್ಲಿ ಅದನ್ನು ಓದಿ, ಮನೆಗೆ ಅಂಟಿಸಿ ಹೋಗುತ್ತಾರೆ. ಮುಂದೆ ಆಸ್ತಿ ಜಪ್ತಿ. ಅದಕ್ಕೂ ಜಗ್ಗದಿದ್ದರೆ ಕಡತ ಎಲ್.ಪಿ.ಸಿ. ರಿಜಿಸ್ಟರಿಗೆ, ಅಂದರೆ ದೀರ್ಘಕಾಲದ ಬಾಕಿ ಕೇಸುಗಳ ಪುಸ್ತಕಕ್ಕೆ ಹೋಗಿ ಕೂರುತ್ತದೆ. ಅದು ಸಮಾಧಿಯಲ್ಲ, ಸಂದೂಕ. ಮೇಲಿನಿಂದ ಆದೇಶ ಬಂದಾಗ ಠಾಣೆಯವರು ಸಂದೂಕ ತೆಗೆಯುತ್ತಾರೆ. ಮಗಳ ಮದುವೆಯ ಓಡಾಟದಲ್ಲೋ, ಜಾತ್ರೆಯ ದಿನವೋ ಆಸಾಮಿ ಮನೆಯಲ್ಲೇ ಸಿಗುತ್ತಾನೆ. "ಹಲವು ವರ್ಷಗಳಿಂದ ತಲೆಮರೆಸಿಕೊಂಡಿದ್ದ ವಾರಂಟ್ ಆಸಾಮಿ ಬಂಧನ" ಅಂತ ಪತ್ರಿಕೆಗಳಲ್ಲಿ ಬರುವ ನಾಲ್ಕು ಸಾಲಿನ ಸುದ್ದಿಯ ಹಿಂದೆ ಇರುವುದು ಇಷ್ಟೇ.

ಅವನದು ಹಾಗಾಯಿತು. ಜಾಮೀನು ನಿಂತವನ ಪಾಡೇನು? ಭಾವನೋ ಚಿಕ್ಕಪ್ಪನೋ ಪಹಣಿ ತಂದು ಕಟಕಟೆಯಲ್ಲಿ ನಿಂತು ಸಹಿ ಹಾಕಿರುತ್ತಾನೆ. ಆಸಾಮಿ ಬಾರದಿದ್ದರೆ ಮುಚ್ಚಳಿಕೆ ಮುಟ್ಟುಗೋಲು, ಜಾಮೀನುದಾರನಿಗೆ ನೋಟಿಸು, ಬರೆದುಕೊಟ್ಟ ಹಣದ ವಸೂಲಿ. "ನಿನ್ನ ಮುಖ ನೋಡಿ ಪಹಣಿ ಕೊಟ್ಟೆ ಕಣಪ್ಪ, ನೀನು ನನ್ನ ಮುಖಕ್ಕೆ ಮಸಿ ಬಳಿದೆ" ಅನ್ನುವ ಮಾತಿಗೆ ಯಾವ ಕೋರ್ಟಿನಲ್ಲೂ ಅಪೀಲಿಲ್ಲ. ಸಾಲದ್ದಕ್ಕೆ ಜಾಮೀನಿನ ಮೇಲೆ ಹೊರಗಿದ್ದು ಕಾರಣವಿಲ್ಲದೆ ಬಾರದಿರುವುದೇ ಒಂದು ಬೇರೆ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಲ್ಲಿ ಅದಕ್ಕೆ ಒಂದು ವರ್ಷದ ತನಕ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಚಿಕ್ಕ ಕೇಸು ಮರಿ ಹಾಕುವುದು ಹೀಗೆ.

ಹಾಗಾದರೆ ತನ್ನ ಮೇಲೆ ವಾರಂಟ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಹಿಂದೆ ಇದಕ್ಕೆ ಕೋರ್ಟ್ ಪೇದೆಯ ಹಿಂದೆಯೋ, ಕ್ಲರ್ಕಿನ ಹಿಂದೆಯೋ ಅಲೆಯಬೇಕಿತ್ತು. ಈಗ ಇ-ಕೋರ್ಟ್ಸ್ ಅನ್ನುವ ಸರ್ಕಾರಿ ವ್ಯವಸ್ಥೆಯಿದೆ, ಮೊಬೈಲಿನಲ್ಲೂ ಸಿಗುತ್ತದೆ, ಕಾಸು ಕೊಡಬೇಕಾಗಿಲ್ಲ. ಜಿಲ್ಲೆ, ತಾಲ್ಲೂಕಿನ ಕೋರ್ಟು ಆರಿಸಿ ಕೇಸು ನಂಬರು ಕೊಟ್ಟರೆ, ಅದೂ ಇಲ್ಲದಿದ್ದರೆ ಹೆಸರು ಮತ್ತು ವರ್ಷ ಕೊಟ್ಟರೆ, ಕೇಸು ಯಾವ ಹಂತದಲ್ಲಿದೆ, ಮುಂದಿನ ತಾರೀಖು ಯಾವುದು ತೋರಿಸುತ್ತದೆ. ಪ್ರತಿ ಕೇಸಿಗೂ ಸಿ.ಎನ್.ಆರ್. ಅಂತ 16 ಅಕ್ಷರ-ಅಂಕೆಗಳ ಒಂದು ಗುರುತು ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ಹುಡುಕುವ ಕಷ್ಟವಿಲ್ಲ. ಹಂತದ ಜಾಗದಲ್ಲಿ ಎನ್.ಬಿ.ಡಬ್ಲ್ಯು. ಅಂತ ಕಂಡರೆ ಅದೇ ಜಾಮೀನು ರಹಿತ ವಾರಂಟು. ಹಳೇ ಕಡತಗಳು ಅಲ್ಲಿ ಪೂರ್ತಿ ಕಾಣದೇ ಹೋಗಬಹುದು. ಆಗ ವಕೀಲರ ಮೂಲಕ ಕೋರ್ಟ್ ಕಚೇರಿಯಲ್ಲೇ ಕಡತ ನೋಡಿಸಬೇಕು.

ಒಂದು ಎಚ್ಚರ. ಊರಿಗೆ ನಾಲ್ಕು ಜನ ರಂಗಪ್ಪ, ಆರು ಜನ ಹನುಮಂತರಾಯಪ್ಪ ಇರುವ ಸೀಮೆ ಇದು. ಹೆಸರು ಕಂಡ ಕೂಡಲೇ ಗಾಬರಿ ಬೀಳಬಾರದು, ತಂದೆಯ ಹೆಸರು, ಗ್ರಾಮ, ವಯಸ್ಸು ತಾಳೆ ನೋಡಬೇಕು. ಪೊಲೀಸರು ಬಾಗಿಲಿಗೇ ಬಂದರೂ ಅಷ್ಟೆ. ವಾರಂಟಿನ ಸಾರಾಂಶ ತಿಳಿಸಬೇಕು, ಕೇಳಿದರೆ ವಾರಂಟು ತೋರಿಸಲೇಬೇಕು. ಅದು 77ನೇ ಕಲಮು ಕೊಟ್ಟ ಹಕ್ಕು. ಹಿಡಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಇನ್ನೊಂದು ಎಚ್ಚರ ಈ ಕಾಲದ್ದು. "ನಿಮ್ಮ ಮೇಲೆ ವಾರಂಟ್ ಆಗಿದೆ, ಈಗಲೇ ಹಣ ಹಾಕಿದರೆ ರದ್ದು" ಅಂತ ಫೋನು ಬಂದರೆ ಅದು ಮೋಸ. ವಾರಂಟನ್ನು ಫೋನಿನಲ್ಲಿ ದುಡ್ಡು ಇಸಿದುಕೊಂಡು ರದ್ದು ಮಾಡುವ ಕೋರ್ಟು ಈ ದೇಶದಲ್ಲಿಲ್ಲ. ಡಿಜಿಟಲ್ ಅರೆಸ್ಟ್ ಅನ್ನುವುದೂ ಕಾನೂನಿನಲ್ಲಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ವಾರಂಟು ಇರುವುದು ನಿಜವಾದರೆ ದಾರಿ ಒಂದೇ, ಅವರು ಬರುವ ಮೊದಲು ತಾನೇ ಹೋಗುವುದು. ವಕೀಲರನ್ನು ಹಿಡಿದು ವಾರಂಟ್ ರದ್ದತಿಗೆ ಅರ್ಜಿ ಹಾಕಿಸಿ ಖುದ್ದು ನಿಲ್ಲಬೇಕು. ಬಾರದ ಕಾರಣಕ್ಕೆ ಆಧಾರ ಬೇಕು: ಆಸ್ಪತ್ರೆ ಚೀಟಿ, ಸಾವಿನ ಮನೆಯ ಕಾಗದ, ಏನಿದೆಯೋ ಅದು. ಜಾಮೀನುದಾರನನ್ನೂ ಪಹಣಿಯನ್ನೂ ಜೊತೆಗೆ ಕರೆದೊಯ್ದರೆ ಒಳ್ಳೆಯದು, ಹೊಸ ಮುಚ್ಚಳಿಕೆ ಕೇಳಬಹುದು. ಒಂದೆರಡು ಸಲ ತಪ್ಪಿಸಿ ತಾನಾಗಿ ಬಂದವನಿಗೆ ಸಾಹೇಬರು ಗದರಿ, ಅಷ್ಟೋ ಇಷ್ಟೋ ದಂಡ ಹಾಕಿ ರದ್ದು ಮಾಡುವುದುಂಟು. ವರ್ಷಗಟ್ಟಲೆ ಕೈಗೆ ಸಿಗದವನನ್ನು ಜೈಲಿಗೆ ಕಳಿಸುವುದೂ ಉಂಟು. ತಾನಾಗಿ ಬಂದವನಿಗೂ ಪೇದೆಯ ಜೊತೆ ಬಂದವನಿಗೂ ಕೋರ್ಟಿನ ಕಣ್ಣಲ್ಲಿ ವ್ಯತ್ಯಾಸ ಇದ್ದೇ ಇದೆ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಮತ್ತು ಆದಾಯ ಕಡಿಮೆಯಿರುವವರಿಗೆ 1987ರ ಕಾನೂನಿನಂತೆ ವಕೀಲರು ಪುಕ್ಕಟೆ. ಫೋನ್ ನಂಬರು 15100. ಚೆಕ್ ಕೇಸಾದರೆ ಲೋಕ ಅದಾಲತ್ತಿನಲ್ಲಿ ರಾಜಿಯೂ ಆಗುತ್ತದೆ. ಮುಂದಿನ ತಾರೀಖಿಗೆ ಬರಲಾಗದಿದ್ದರೆ ಆ ದಿನದ ಹಾಜರಾತಿ ಮಾಫಿಗೆ ವಕೀಲರು ಅರ್ಜಿ ಹಾಕಬಹುದು. ಹೇಳಿ ತಪ್ಪಿಸಿದರೆ ಅರ್ಜಿ, ಹೇಳದೆ ತಪ್ಪಿಸಿದರೆ ವಾರಂಟು!

ರದ್ದಾಯಿತು ಅಂತ ಸಿಹಿ ಹಂಚಿಕೊಂಡು ಮನೆಗೆ ಹೋದರೆ ಮುಗಿಯಲಿಲ್ಲ. ಮುಂಬೈಯ ಒಬ್ಬ ವಕೀಲರ ಕಥೆ ಇದಕ್ಕೆ ಸಾಕ್ಷಿ. ಕೋರ್ಟಿಗೆ ಹೋಗಿ ವಾರಂಟ್ ರದ್ದು ಮಾಡಿಸಿಕೊಂಡಿದ್ದರು. ಅದೇ ವಾರಂಟಿನ ಮೇಲೆ 2002ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ದಿನವೇ, ಅವರ ದಸ್ತಗಿರಿ ಆಯಿತು. ಕಾನೂನು ಬಲ್ಲವರ ಗತಿಯೇ ಹೀಗಾದರೆ ಹಳ್ಳಿಯವರ ಗತಿಯೇನು? ರಘುವಂಶ್ ದೇವನ್‌ಚಂದ್ ಭಾಸಿನ್ ಎಂಬ ಈ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಕೋರ್ಟು-ಠಾಣೆಗಳಿಗೆ ನಿಯಮ ಹಾಕಿತು. ಪ್ರತಿ ವಾರಂಟಿಗೂ ಕ್ರಮಸಂಖ್ಯೆ ಮತ್ತು ವಾಪಸಿನ ತಾರೀಖು ಇರಬೇಕು. ಕೋರ್ಟಿನಲ್ಲೂ ಠಾಣೆಯಲ್ಲೂ ರಿಜಿಸ್ಟರ್ ಇಡಬೇಕು. ರದ್ದಾದ ಸುದ್ದಿ ತಡವಿಲ್ಲದೆ ಠಾಣೆಗೆ ಮುಟ್ಟಬೇಕು.

ಕೋರ್ಟಿನಿಂದ ಠಾಣೆಗೆ ಅಬ್ಬಬ್ಬಾ ಅಂದರೆ ಎರಡು ಫರ್ಲಾಂಗು. ವಾರಂಟು ಹೋಗುವಾಗ ಓಡುವ ಕಾಗದ, ರದ್ದತಿ ಹೋಗುವಾಗ ಕುಂಟಬಾರದು. ಅದು ಕಚೇರಿಗಳ ಹೊಣೆ, ನಿಯಮವೂ ಇದೆ, ನಡೆಸುವವರು ನಡೆಸಬೇಕು. ಅಲ್ಲಿಯವರೆಗೆ ರದ್ದತಿ ಆದೇಶದ ದೃಢೀಕೃತ ನಕಲು ತೆಗೆಸಿ, ಒಂದು ಪ್ರತಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದು, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಳ್ಳುವುದೇ ಜಾಣತನ. ಆ ಒಂದು ಹಾಳೆಯಿದ್ದರೆ ಜಾತ್ರೆಯ ದಿನವೂ ಬಾಗಿಲು ತೆರೆದು ಮಲಗಬಹುದು.