ವಡಾಲದ ಸ್ಟಿಲ್ಟ್‌ಗೂ ಸೈ, ಊರಿನ ದಣಪೆಗೂ ಸೈ

ವಡಾಲದ ಟ್ರಕ್ ಟರ್ಮಿನಲ್ ಕಡೆಗೆ ಬೆಳಿಗ್ಗೆ ನಡೆದುಹೋದರೆ ಕೆಎ ನಂಬರಿನ ಲಾರಿಗಳು ಕಾಣದ ದಿನವಿಲ್ಲ. ಡ್ರೈವರ್ ಸೀಟಿನ ಹಿಂದೆ ಅಡ್ಡಕ್ಕೆ ಒಂದು ಮಲಗುವ ಹಲಗೆ, ಬದಿಯಲ್ಲಿ ತೂಗುಹಾಕಿದ ನೀರಿನ ಕ್ಯಾನ್, ಪೆಟ್ಟಿಗೆಯೊಳಗೆ ಸ್ಟೌ, ಹಗ್ಗದ ಮೇಲೆ ಒಣಗುವ ಲುಂಗಿ. ಕ್ಯಾಂಪರ್ ವ್ಯಾನ್ ಎಂದರೆ ವಿದೇಶಿ ಶೋಕಿ ಎಂದುಕೊಂಡವರು ಒಮ್ಮೆ ಇವನ್ನು ನೋಡಬೇಕು. ಸರಕು ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರಿಂದ ತಯಾರಾದವಕ್ಕೆ ಮಾತ್ರ. ಅಲ್ಲಿಯವರೆಗೆ ಆ ಹಲಗೆಯ ಮೇಲೆ ಮೇ ತಿಂಗಳ ರಾತ್ರಿ ಹೇಗಿರುತ್ತಿತ್ತೆಂದು ಅವರನ್ನೇ ಕೇಳಬೇಕು.

ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ನಾವು ಐದಾರು ಮಂದಿ ಹೊರನಾಡ ಕನ್ನಡಿಗರಿಗೆ ಈ ವ್ಯಾನಿನ ಹುಚ್ಚು ಹಿಡಿದು ಎರಡು ವರ್ಷವಾಯಿತು. ಅಂಕೋಲೆಯ ಬ್ಯಾಂಕ್ ಅಧಿಕಾರಿ, ಕುಂದಾಪುರದ ಹಡಗಿನ ಎಂಜಿನಿಯರ್, ಹುಬ್ಬಳ್ಳಿಯ ಆಸ್ಪತ್ರೆ ನರ್ಸ್, ಕುಮಟಾ ಕಡೆಯ ನಾನು. ನಮಗೆ ಬೇಕಾದದ್ದು ಹಿಮಾಲಯವಲ್ಲ, ಊರು. ಆದರೆ ಊರಿನಲ್ಲಿ ಈಗ ನಮ್ಮದೆಂಬ ಮನೆ ಇಲ್ಲ. ಹಿಸೆಯಾದ ಮೇಲೆ ನಮ್ಮ ಪಾಲಿಗೆ ಬಂದದ್ದು ತೋಟದ ಒಂದು ತುಂಡು, ಮನೆ ದಾಯಾದಿಗಳದ್ದು. ಅವರು ಪ್ರೀತಿಯಿಂದಲೇ ಕರೆಯುತ್ತಾರೆ. ಆದರೂ ಎರಡು ರಾತ್ರಿಗಿಂತ ಹೆಚ್ಚು ಉಳಿದರೆ ಯಾರದೋ ಕೋಣೆ ಖಾಲಿ ಮಾಡಿಸಿದ ಮುಜುಗರ. ಅಂಗಳದಲ್ಲಿ ನಮ್ಮದೇ ಹಾಸಿಗೆ ನಿಂತಿದ್ದರೆ ಊಟ ಅವರೊಡನೆ, ನಿದ್ದೆ ನಮ್ಮಲ್ಲಿ.

ಮೊದಲ ದಿನ ನಾವು ಗಂಡಸರು ಬರೆದ ಪಟ್ಟಿಯಲ್ಲಿ ಸೋಲಾರ್ ಪ್ಯಾನೆಲ್ ಇತ್ತು, ಫ್ರಿಜ್ ಇತ್ತು, ಚಾವಣಿಗೆ ಟೆಂಟ್ ಇತ್ತು. ನರ್ಸ್ ಅಕ್ಕ ಪಟ್ಟಿಯನ್ನು ಓದಿ, “ಪಾಯಿಖಾನೆ ಎಲ್ಲೈತ್ರೀ?” ಎಂದರು. ಅಲ್ಲಿಂದ ಚರ್ಚೆಯ ದಾರಿಯೇ ಬದಲಾಯಿತು.

ನಮ್ಮ ಆಯಿಗೆ ಎಪ್ಪತ್ತನಾಲ್ಕು. (ಮುಂಬೈಯಲ್ಲಿ ಇದೊಂದು ಅನುಕೂಲ, ಉತ್ತರ ಕನ್ನಡದ ಆಯಿ ಮರಾಠಿಗರಿಗೂ ಆಯಿಯೇ.) ಪನ್ವೇಲಿನಲ್ಲಿ ಶುರುವಾಗುವ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಕುಮಟಾಕ್ಕೆ 700 ಕಿ.ಮೀ.ಗೂ ಹೆಚ್ಚು. ಹೊರಡುವ ಹಿಂದಿನ ಸಂಜೆಯೇ ಆಯಿ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾಳೆ. ಕೇಳಿದರೆ, “ಕುಡದ್ರೆ ಮತ್ತೆಲ್ಲಿಗ್ ಹೋಗದು ತಮಾ?” ಎಂಬ ಉತ್ತರ. ಸಕ್ಕರೆ ಕಾಯಿಲೆಯ ಜೀವ. ಮೂರು ವರ್ಷದ ಹಿಂದೆ ಕಣಕವಲಿ ದಾಟುವಾಗ ತಲೆಸುತ್ತಿ, ಒಂದು ಚಿಕ್ಕ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿ ಮುಂದೆ ಹೋಗಿದ್ದೆವು. ಆಮೇಲೆ ಅವಳು ಊರಿಗೆ ಹೊರಟಿಲ್ಲ. ತಂಗಿಯರಿಬ್ಬರು ಫೋನಿನಲ್ಲಿ ಕರೆಯುತ್ತಲೇ ಇದ್ದಾರೆ.

ಹಾಗಾಗಿ ನಮ್ಮ ಪಟ್ಟಿಯಲ್ಲಿ ಈಗ ಮೊದಲನೆಯದು ಒಯ್ಯಬಹುದಾದ ಪುಟ್ಟ ಶೌಚದ ಪೆಟ್ಟಿಗೆ. ಮೇಲೆ ಶುದ್ಧ ನೀರಿನ ಭಾಗ, ಕೆಳಗೆ ಬಿಗಿಯಾಗಿ ಮುಚ್ಚಿಕೊಳ್ಳುವ 20 ಲೀಟರ್‌ವರೆಗಿನ ತೊಟ್ಟಿ, ವಾಸನೆಗೆ ಒಂದು ದ್ರಾವಣ. ತುಂಬಿದಾಗ ಕೆಳಭಾಗವನ್ನು ಬೇರ್ಪಡಿಸಿ ಮನೆಯ ಕಕ್ಕಸಿಗೇ ಸುರಿಯಬಹುದು. ಯಾರು ಸುರಿಯಬೇಕೆಂಬುದು ಬೇರೆ ಪ್ರಶ್ನೆ. ಅದಕ್ಕೆ ಬ್ಯಾಂಕ್ ಅಧಿಕಾರಿಗಳು ಕಾಫಿ ತರಿಸಲು ಎದ್ದುಹೋದರು. ಸುತ್ತ ಪರದೆ, ಹಿಡಿದುಕೊಳ್ಳಲು ಒಂದು ಕಂಬಿ, ಹತ್ತಲು ತಗ್ಗಿನ ಮೆಟ್ಟಿಲು. ಮಂಡಿನೋವಿನವರಿಗೆ ಈ ಮೆಟ್ಟಿಲು ಫ್ರಿಜ್‌ಗಿಂತ ದೊಡ್ಡದು.

ಎರಡನೆಯದು ಎತ್ತರ. ಫೋರ್ಸ್ ಟ್ರಾವೆಲರ್‌ನಂಥ ಗಾಡಿಯ ಮೇಲೆ ಕಟ್ಟಿದ ಕ್ಯಾರವಾನ್‌ನಲ್ಲಿ ನೆಟ್ಟಗೆ ನಿಲ್ಲಬಹುದು. ಆದರೆ ಎರಡೂವರೆ ಮೀಟರ್ ಆಸುಪಾಸಿನ ಆ ಗಾಡಿ ವಡಾಲದ ನಮ್ಮ ಸೊಸೈಟಿಯ ಸ್ಟಿಲ್ಟ್ ಕೆಳಗೆ ನುಗ್ಗುವುದಿಲ್ಲ. ಹೊರಗೆ ನಿಲ್ಲಿಸಲು ರಸ್ತೆಯಲ್ಲಿ ಜಾಗವೆಲ್ಲಿದೆ? ಸೋಮವಾರದಿಂದ ಶುಕ್ರವಾರ ಆಫೀಸಿಗೂ ಹೋಗಬೇಕಾದ ಗಾಡಿ ಎರಡು ಮೀಟರಿನೊಳಗೇ ಇರಬೇಕು. ನಿಲ್ಲುವ ಆಸೆಗೆ ಮೇಲೆತ್ತುವ ಚಾವಣಿಯೇ ಉತ್ತರ: ರಾತ್ರಿ ಎತ್ತುವುದು, ಬೆಳಿಗ್ಗೆ ಇಳಿಸುವುದು. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ವ್ಯಾನ್ 1950ರಲ್ಲಿ ಬಂದ ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಹಾಸಿಗೆ, ಬೀರು ಜೋಡಿಸತೊಡಗಿತ್ತು. ಮೇಲೆತ್ತುವ ಚಾವಣಿಯೂ ಅಲ್ಲಿ ದಶಕಗಳಿಂದ ಬಳಕೆಯಲ್ಲಿದೆ.

ನಮಗೆ ಹತ್ತಿರದ ಮಾದರಿ ಜಪಾನಿನದು. ಅಲ್ಲಿ ‘ಕೇ’ ವರ್ಗದ ಗಾಡಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 2 ಮೀಟರ್ ಎತ್ತರ, 660 ಸಿಸಿ ಎಂಜಿನ್ ಮೀರುವಂತಿಲ್ಲ. ಈ ಬೆಂಕಿಪೊಟ್ಟಣದೊಳಗೆ ಅವರು ಇಬ್ಬರ ಹಾಸಿಗೆ, ಒಂದು ಸಿಂಕ್, ಮಡಚುವ ಮೇಜು ಕೂರಿಸುತ್ತಾರೆ. ಅದಕ್ಕೆ ಹೆಚ್ಚು ಬಳಕೆಯಾಗುವವುಗಳಲ್ಲಿ ಒಂದು ಸುಜುಕಿ ಎವರಿ, ಅಂದರೆ 1984ರಿಂದ 2019ರವರೆಗೆ ನಮ್ಮಲ್ಲಿ ತಯಾರಾದ ಮಾರುತಿ ಆಮ್ನಿಯ ದಾಯಾದಿ! ನಾವು ಶಾಲೆಗೆ ಹದಿನಾರು ಮಕ್ಕಳನ್ನು ತುರುಕಿದ ಗಾಡಿಯ ಬಂಧು ಅಲ್ಲಿ ಮನೆಯಾಗಿದೆ. ಆಮ್ನಿ ಹೋಯಿತು, ಈಕೋ ಇದೆ. ಉದ್ದ 3.675 ಮೀಟರ್, ಅಗಲ 1.475, ಎತ್ತರ 1.825. ಪಕ್ಕಕ್ಕೆ ಜಾರುವ ಬಾಗಿಲು. ಜಪಾನಿನ ಅಳತೆಗೆ ಅಗಲದಲ್ಲಿ ಹೆಚ್ಚುಕಮ್ಮಿ ಸಮ.

ಹಾಗಾದರೆ ಈಕೋ ತಂದು ಬಡಗಿಯ ಕೈಗೆ ಕೊಟ್ಟರಾಯಿತಲ್ಲ ಎನ್ನುತ್ತೀರಾ? ಎಂಎಚ್-03 ನಂಬರು ಕೊಡುವ ಆರ್‌ಟಿಒ ನಮ್ಮ ವಡಾಲದಲ್ಲೇ ಇದೆ, ಅಲ್ಲಿ ಗಾಡಿಯ ಹಣೆಬರಹ ಆರ್‌ಸಿಯಲ್ಲಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಚಾವಣಿ ಕೊಯ್ದರೆ, ಸೀಟು ಕಿತ್ತರೆ ಪಾಸಿಂಗ್‌ಗೂ ತೊಡಕು, ಅಪಘಾತವಾದರೆ ವಿಮೆಗೂ ತಕರಾರು. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಆದರೆ ಆ ದಾರಿ ತಯಾರಕರಿಗೆ, ಒಂದೇ ಗಾಡಿ ಇಟ್ಟುಕೊಂಡ ಸಂಸಾರಸ್ಥನಿಗಲ್ಲ. ಕೇರಳ, ಮಹಾರಾಷ್ಟ್ರ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿ ತಂದವು. ಅವುಗಳ ಗಮನ ಬಾಡಿಗೆಯ ದೊಡ್ಡ ಗಾಡಿಗಳತ್ತ, ಅವು ನಿಲ್ಲುವ ಪಾರ್ಕುಗಳತ್ತ. ಹಾಸಿಗೆ ಸಹಿತ ಕಾರ್ಖಾನೆಯಿಂದಲೇ ಹೊರಬಂದು, ಆರ್‌ಸಿಯಲ್ಲಿ ನೇರವಾಗಿ ಕ್ಯಾಂಪರ್ ಎಂದೇ ಬರೆಸಿಕೊಳ್ಳುವ ಚಿಕ್ಕ ವ್ಯಾನ್ ಬೇಕೆಂಬುದು ನಮ್ಮೆಲ್ಲರ ಏಕಕಂಠದ ಬೇಡಿಕೆ. ಅಲ್ಲಿಯವರೆಗೆ ಉಳಿದದ್ದು ಪೆಟ್ಟಿಗೆಯ ಉಪಾಯ. ಗಾಡಿಗೆ ಒಂದು ಮೊಳೆಯನ್ನೂ ಹೊಡೆಯದೆ, ಹೊರಡುವಾಗ ಇಟ್ಟು ಬಂದ ಮೇಲೆ ಇಳಿಸುವ, ಬಿಡಿಸಿದರೆ ಹಾಸಿಗೆಯಾಗುವ ಮರದ ಪೆಟ್ಟಿಗೆ. ಬ್ರೇಕ್ ಹಾಕಿದಾಗ ಅದು ಮುಂದೆ ನುಗ್ಗದಂತೆ ಬೆಲ್ಟಿನಿಂದ ಬಿಗಿಯುವುದು ಮಾತ್ರ ಮರೆಯಬಾರದು.

ಕರೆಂಟಿನ ಲೆಕ್ಕ ಹಡಗಿನ ಎಂಜಿನಿಯರರದ್ದು. 12 ವೋಲ್ಟಿನ, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಎಂದರೆ ಸುಮಾರು 1.28 ಯೂನಿಟ್. 25 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೂ 0.2 ಯೂನಿಟ್ ಸಾಕು. 500 ವ್ಯಾಟ್ ಎಳೆಯುವ ಎಸಿ ಹಾಕಿದರೆ ಎರಡೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು. ಆದ್ದರಿಂದ ಎಸಿ ಬಿಟ್ಟು, ಎದುರುಬದುರು ಎರಡು ಕಿಟಕಿಗೆ ಸೊಳ್ಳೆಜಾಲರಿ ಮತ್ತು ಫ್ಯಾನು. ಅಡುಗೆ ಹೊರಗೇ; ಮುಚ್ಚಿದ ಗಾಡಿಯೊಳಗೆ ಗ್ಯಾಸ್ ಒಲೆ ಹಚ್ಚುವುದು ಜೀವಕ್ಕೆ ಅಪಾಯ. ಮಳೆಗಾಲದಲ್ಲಿ ಬಾಗಿಲ ಮೇಲೊಂದು ತಾಡಪಾಲು.

ನಾನು ಹಳೆಯ ಈಕೋ ಒಂದಕ್ಕೆ ಮುಂಗಡ ಕೊಟ್ಟಿದ್ದೇನೆ. ಪೆಟ್ಟಿಗೆ ಆಂಟಾಪ್ ಹಿಲ್‌ನ ಬಡಗಿಯ ಬಳಿ ತಯಾರಾಗುತ್ತಿದೆ. ಕಳೆದ ವಾರ ಆಯಿ ಅಲ್ಲಿಗೇ ಬಂದು, ಹಲಗೆಯ ಮೇಲೆ ಕೂತು, ಎದ್ದು, ಎರಡು ಇಂಚು ತಗ್ಗಿಸು ಎಂದಳು. ಊರಿಗೆ ಫೋನು ಮಾಡಿ ದಣಪೆ ಎಷ್ಟು ಅಗಲವಿದೆ ಅಳೆದು ಹೇಳು ಎಂದೆ. ದಣಪೆ ಎಂದರೆ ನಮ್ಮ ಕಡೆ ಅಂಗಳಕ್ಕೆ ದನ ನುಗ್ಗದಂತೆ ಅಡ್ಡಗಳ ಸರಿಸಿ ದಾಟುವ ಬೇಲಿಬಾಗಿಲು. ತಮ್ಮ ಕೋಲು ಹಿಡಿದು ಅಳೆದು ಹೇಳಿದ: “ಆರಡಿ ಇದ್ದು.” ಈಕೋದ ಅಗಲ ಐದಡಿಯೊಳಗೆ.