ಪೊರೆ ಬಂದ ಕಣ್ಣು ಕಂಡ ಕೊಳ

೧೮೭೯ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ, ಫ್ರಾನ್ಸ್ ದೇಶದ ವೆತೆಯ್ ಎಂಬ ಹಳ್ಳಿಯಲ್ಲಿ, ಕಮೀಲ್ ಎಂಬ ಮೂವತ್ತೆರಡು ವರ್ಷದ ಗೃಹಿಣಿ ದೀರ್ಘಕಾಲದ ಬೇನೆಯಿಂದ ತೀರಿಕೊಂಡಳು. ಆಕೆಯ ಗಂಡ ಚಿತ್ರಕಾರ. ಮನೆಯಲ್ಲಿ ಕಡು ಬಡತನ. ಇಬ್ಬರು ಗಂಡುಮಕ್ಕಳಲ್ಲಿ ಕಿರಿಯವನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹೆಂಡತಿಯ ಶವದ ಬಳಿ ಕುಳಿತಿದ್ದ ಆತ ಕುಂಚವನ್ನು ಕೈಗೆತ್ತಿಕೊಂಡು ಆಕೆಯ ಮುಖವನ್ನು ಚಿತ್ರಿಸಿದ. ಸಾವು ಆ ಮುಖದ ಮೇಲೆ ಒಂದರ ಹಿಂದೊಂದರಂತೆ ತಂದಿಡುತ್ತಿದ್ದ ನೀಲಿ, ಹಳದಿ, ಬೂದು ಛಾಯೆಗಳನ್ನು ತನ್ನ ಕಣ್ಣು ತನಗರಿವಿಲ್ಲದೆಯೇ ಲೆಕ್ಕ ಹಾಕುತ್ತಿದ್ದಿತೆಂದೂ, ಅದನ್ನು ಕಂಡು ತನಗೇ ಭೀತಿಯಾಯಿತೆಂದೂ ಆತ ಬಹುಕಾಲದ ಮೇಲೆ ಗೆಳೆಯನೊಬ್ಬನಲ್ಲಿ ಹೇಳಿಕೊಂಡನು. ಆ ಚಿತ್ರ ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಚಿತ್ರಕಾರನ ಹೆಸರು ಕ್ಲೋದ್ ಮೋನೆ.

ಕಣ್ಣೇ ಹೀಗೆ ಯಜಮಾನನಾಗಿ, ಮನುಷ್ಯನೇ ಅದರ ಆಳಾಗಿದ್ದವನಿಗೆ ಆ ಕಣ್ಣೇ ಕೈಕೊಟ್ಟರೆ ಏನಾದೀತು? ಮೋನೆಯ ಕೊನೆಯ ಚಿತ್ರಗಳ ಹಿಂದಿನ ಕಥೆ ಇದೇ.

ಆತನಿಗೆ ಸ್ಫೂರ್ತಿಯಾಗಿದ್ದುದು ವಸ್ತುಗಳಿಗಿಂತ ಹೆಚ್ಚಾಗಿ ಅವುಗಳ ಮೇಲೆ ಬೀಳುವ ಬೆಳಕು. ಒಂದೇ ಹುಲ್ಲಿನ ಬಣವೆಯನ್ನು, ಒಂದೇ ಇಗರ್ಜಿಯ ಮುಂಗೋಡೆಯನ್ನು ಬೆಳಗು, ನಡುಹಗಲು, ಸಂಜೆಗಳಲ್ಲಿ ಮತ್ತೆ ಮತ್ತೆ ಚಿತ್ರಿಸಿದ. ಕೈಯಲ್ಲಿ ಹಣವೋಡಾಡತೊಡಗಿದ ಮೇಲೆ, ೧೮೯೩ರಲ್ಲಿ, ಜಿವೆರ್ನಿ ಗ್ರಾಮದ ತನ್ನ ಮನೆಯ ಬಳಿ ಜೌಗುನೆಲವೊಂದನ್ನು ಕೊಂಡು, ಹೊಳೆಯ ಕವಲಿನ ನೀರನ್ನು ತಿರುಗಿಸಿ, ನೈದಿಲೆಯ ಕೊಳವೊಂದನ್ನು ಮಾಡಿಸಿದ. ಈ ಪರದೇಶದ ಗಿಡಗಳಿಂದ ನೀರು ವಿಷವಾಗಿ ತಮ್ಮ ದನಗಳಿಗೆ ಕೇಡಾದೀತೆಂದು ಹಳ್ಳಿಯವರು ತಕರಾರು ತೆಗೆದರು. ರೈತನ ಹೆದರಿಕೆ ಎಲ್ಲ ದೇಶಗಳಲ್ಲಿಯೂ ಒಂದೇ! ಕೊನೆಗೆ ಅನುಮತಿ ದೊರೆತು, ಕೊಳದ ಮೇಲೆ ಜಪಾನೀ ಮಾದರಿಯ ಮರದ ಸೇತುವೆಯೂ ಎದ್ದಿತು. ೧೮೯೯ರಲ್ಲಿ ಆತ ಆ ಸೇತುವೆಯನ್ನು ಚಿತ್ರಿಸಿದಾಗ ಅದು ತಿಳಿಹಸುರಿನ ನಡುವೆ ಸ್ಪಷ್ಟವಾಗಿ ಬಾಗಿ ನಿಂತಿತ್ತು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅದೇ ಸೇತುವೆಯನ್ನು ಚಿತ್ರಿಸಿದಾಗ ಅದು ಕೆಂಪು, ಕಂದು, ಕಿತ್ತಳೆ ಬಣ್ಣಗಳ ಜ್ವಾಲೆಯೊಳಗೆ ಮುಳುಗಿಹೋಗಿತ್ತು. ಸೇತುವೆಯೆಂದು ಯಾರಾದರೂ ಹೇಳದಿದ್ದರೆ ಗುರುತು ಹತ್ತುವುದೇ ಕಷ್ಟ.

ನಡುವೆ ಆದುದೇನು? ೧೯೧೨ರಲ್ಲಿ ವೈದ್ಯರು ಆತನ ಎರಡು ಕಣ್ಣುಗಳಲ್ಲಿಯೂ ಪೊರೆಯನ್ನು ಗುರುತಿಸಿದರು.

‘ಪೊರೆ’ ಎಂಬ ನಮ್ಮ ಮಾತು ಸ್ವಲ್ಪ ದಾರಿ ತಪ್ಪಿಸುವಂಥದು. ಹಾಲಿನ ಮೇಲಿನ ಕೆನೆಯಂತೆ ಕಣ್ಣಿನ ಮೇಲೆ ಏನೋ ಬೆಳೆಯುತ್ತದೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಪಾಪೆಯ ಹಿಂದೆ ಇರುವ, ಬೆಳಕನ್ನು ಬಾಗಿಸಿ ಅಕ್ಷಿಪಟದ ಮೇಲೆ ಬೀಳಿಸುವ ಮಸೂರವೇ ಮಬ್ಬಾಗುವುದು. ಅದರಲ್ಲಿರುವ ಪ್ರೋಟೀನುಗಳು ವಯಸ್ಸಾದಂತೆ ಗಂಟುಕಟ್ಟಿಕೊಂಡು ಬೆಳಕನ್ನು ಚದುರಿಸುತ್ತವೆ. ಮಸೂರದ ನಡುಭಾಗವು ಹಳದಿಯಾಗಿ, ಮುಂದೆ ಕಂದಾಗಿ, ಒಳಬರುವ ಬೆಳಕಿನಲ್ಲಿ ನೇರಳೆ ಮತ್ತು ನೀಲಿ ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಮೋನೆ ಜಗತ್ತನ್ನು ನೋಡುತ್ತಿದ್ದುದು ಮಂಜು ಕವಿದ ಹಳದಿ ಗಾಜಿನ ಮೂಲಕ ಎನ್ನಬಹುದು.

ಇಲ್ಲಿ ಜಾಣ ಓದುಗರೊಬ್ಬರು ಒಂದು ಆಕ್ಷೇಪವೆತ್ತಬಹುದು. ಕೊಳವನ್ನು ನೋಡುವುದು ಆ ಹಳದಿ ಗಾಜಿನ ಮೂಲಕ. ತಾನು ಬಳಿದ ಬಣ್ಣವನ್ನು ನೋಡುವುದೂ ಅದರ ಮೂಲಕವೇ. ಎರಡೂ ತಪ್ಪುಗಳು ಒಂದನ್ನೊಂದು ಕಳೆದುಕೊಂಡು ಚಿತ್ರವು ಸರಿಯಾಗಿಯೇ ಬರಬೇಕಲ್ಲವೆ? ಆಕ್ಷೇಪ ಸಮಂಜಸವಾದುದು. ಆದರೆ ತಪ್ಪುಗಳು ಪೂರ್ತಿ ಕಳೆಯುವುದಿಲ್ಲ. ಕಡುನೀಲಿ, ನೇರಳೆ, ಗಾಢಹಸುರುಗಳ ನಡುವಣ ಅಂತರವೇ ಕಣ್ಣಿಗೆ ತೋರದೆ ಹೋದಾಗ, ಆ ಮೂರರಲ್ಲಿ ಯಾವುದನ್ನು ಬಳಿದರೂ ಅವನಿಗೆ ಸರಿಯಾಗಿಯೇ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ನಮಗೆ. ಆತ ಬಣ್ಣದ ಕೊಳವೆಗಳ ಮೇಲಿನ ಹೆಸರುಚೀಟಿಯನ್ನು ನಂಬಿ, ವರ್ಣಫಲಕದ ಮೇಲೆ ಯಾವ ಬಣ್ಣ ಎಲ್ಲಿರಬೇಕೆಂಬ ಕ್ರಮವನ್ನು ತಪ್ಪದೆ ಪಾಲಿಸಿ ಕೆಲಸ ಮಾಡಬೇಕಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೇತ್ರವೈದ್ಯ ಮೈಕೇಲ್ ಮಾರ್ಮರ್ ಅವರು ೨೦೦೬ರಲ್ಲಿ ಗಣಕಯಂತ್ರದ ನೆರವಿನಿಂದ, ಆ ಪೊರೆಯ ಕಣ್ಣಿಗೆ ಜಿವೆರ್ನಿಯ ತೋಟ ಹೇಗೆ ಕಂಡಿರಬಹುದೆಂಬುದನ್ನು ಚಿತ್ರಗಳಾಗಿ ಮಾಡಿ ತೋರಿಸಿದರು. ಅವುಗಳಲ್ಲಿ ಕೊಳವು ಮಸುಕಾದ, ಹಳದಿ ಮಿಶ್ರಿತ ಕಂದು ಹರವು.

ಇತ್ತ ಆತನ ಸಂಸಾರವೂ ಬರಿದಾಗುತ್ತಿತ್ತು. ಎರಡನೆಯ ಹೆಂಡತಿ ಆಲಿಸ್ ೧೯೧೧ರಲ್ಲಿಯೂ ಹಿರಿಯ ಮಗ ಜಾನ್ ೧೯೧೪ರಲ್ಲಿಯೂ ತೀರಿಕೊಂಡರು. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಎಪ್ಪತ್ತು ದಾಟಿದ ಮುದುಕ ಊರು ಬಿಡಲಿಲ್ಲ. ಬದಲಾಗಿ ದೊಡ್ಡದೊಂದು ಚಿತ್ರಶಾಲೆಯನ್ನು ಕಟ್ಟಿಸಿ, ಸುಮಾರು ೨ ಮೀಟರು ಎತ್ತರದ ಕ್ಯಾನ್ವಾಸುಗಳ ಮೇಲೆ ನೈದಿಲೆಯ ಕೊಳವನ್ನೇ ಹರಡತೊಡಗಿದ. ೧೯೧೮ರ ನವೆಂಬರ್ ೧೧ರಂದು ಯುದ್ಧ ನಿಂತಿತು. ಮರುದಿನವೇ ಆತ, ಅಂದು ಪ್ರಧಾನಿಯಾಗಿದ್ದ ತನ್ನ ಗೆಳೆಯ ಜಾರ್ಜ್ ಕ್ಲೆಮಾನ್ಸೋಗೆ ಕಾಗದ ಬರೆದು, ಎರಡು ಫಲಕಗಳನ್ನು ದೇಶಕ್ಕೆ ಕಾಣಿಕೆಯಾಗಿ ಕೊಡುವೆನೆಂದು ತಿಳಿಸಿದ. ಆ ಎರಡು ಬೆಳೆಯುತ್ತ ಹೋಗಿ ಇಪ್ಪತ್ತೆರಡಾದುವು.

ಆದರೆ ಮುಗಿಸುವ ಬಗೆ ಹೇಗೆ? ೧೯೨೨ರಲ್ಲಿ ದಾನಪತ್ರಕ್ಕೆ ಸಹಿಯಾಯಿತು. ಆ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ನೇತ್ರತಜ್ಞ ಶಾರ್ಲ್ ಕೂತೆಲಾ ಪರೀಕ್ಷಿಸಿದಾಗ ಬಲಗಣ್ಣಿಗೆ ಬೆಳಕು ಕತ್ತಲೆಗಳಿಗಿಂತ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಎಡಗಣ್ಣಿನ ದೃಷ್ಟಿ ಸಹಜದ ಹತ್ತನೆಯ ಒಂದು ಪಾಲಿಗೆ ಇಳಿದಿತ್ತು. ಶಸ್ತ್ರಚಿಕಿತ್ಸೆಯೆಂದರೆ ಮೋನೆಗೆ ನಡುಕ. ಅದು ಸಕಾರಣವಾದ ನಡುಕವೇ: ಚಿತ್ರಕಲಾವಿದೆ ಮೇರಿ ಕ್ಯಾಸಟ್‌ಗೆ ಇದೇ ಚಿಕಿತ್ಸೆ ಫಲಿಸಿರಲಿಲ್ಲ. ಇದ್ದಷ್ಟು ಕಣ್ಣೂ ಹೋದರೆ? ಕ್ಲೆಮಾನ್ಸೋ ರಾಜಕಾರಣಿಯಾಗುವ ಮೊದಲು ವೈದ್ಯಶಾಸ್ತ್ರ ಓದಿದವನು. ಆತ ಬಿಡದೆ ಒತ್ತಾಯಿಸಿದ. ೧೯೨೩ರ ಜನವರಿಯಲ್ಲಿ ಎರಡು ಹಂತಗಳಲ್ಲಿ ಬಲಗಣ್ಣಿನ ಮಸೂರವನ್ನು ತೆಗೆದರು. ಅನಂತರ ಎರಡು ಕಣ್ಣುಗಳಿಗೂ ಪಟ್ಟಿ ಕಟ್ಟಿಸಿಕೊಂಡು, ಅಲುಗದೆ, ಅಂಗಾತ ಮಲಗಿರಬೇಕು. ರೋಗಿ ಮಹಾ ಹಟಮಾರಿ. ಪಟ್ಟಿಯನ್ನು ಕಿತ್ತೊಗೆಯಲು ನೋಡಿದ. ಮಸೂರದ ಉಳಿದ ಕೋಶ ಮತ್ತೆ ಮಬ್ಬಾದುದರಿಂದ ಜುಲೈಯಲ್ಲಿ ಮೂರನೆಯ ಸಲ ಕತ್ತರಿ ಆಡಿಸಬೇಕಾಯಿತು.

ಈಗಿನಂತೆ ಕಣ್ಣಿನೊಳಗೆ ಕೃತಕ ಮಸೂರವನ್ನು ಇಡುವ ಉಪಾಯ ಅಂದಿಗೆ ಇರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅದನ್ನು ಮೊದಲು ಮಾಡಿದುದು ೧೯೪೯ರಲ್ಲಿ. ಮೋನೆಗೆ ದೊರೆತುದು ದಪ್ಪಗಾಜಿನ ಕನ್ನಡಕ. ಅದರಲ್ಲಿ ವಸ್ತುಗಳು ದೊಡ್ಡವಾಗಿ, ಸೊಟ್ಟಗೆ ಕಾಣುತ್ತಿದ್ದುವು. ಅದಕ್ಕಿಂತ ವಿಚಿತ್ರವಾದ ಸಂಕಟ ಇನ್ನೊಂದು: ಎಲ್ಲವೂ ನೀಲಿಯಾಗಿ ಕಾಣತೊಡಗಿತು! ಹಳದಿ ಪರದೆ ತಟ್ಟನೆ ಸರಿದುಹೋದುದು ಇದಕ್ಕೆ ಒಂದು ಕಾರಣ. ಮಿದುಳು ವರ್ಷಗಟ್ಟಲೆ ಆ ಪರದೆಗೆ ಹೊಂದಿಕೊಂಡಿತ್ತು. ಮತ್ತೊಂದು ಕಾರಣವೂ ಇದ್ದೀತು. ಸುಮಾರು ೪೦೦ ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳನ್ನು, ಅಂದರೆ ಅತಿನೇರಳೆ ಕಿರಣಗಳನ್ನು, ಸಹಜವಾದ ಮಸೂರವೇ ತಡೆದುಬಿಡುತ್ತದೆ. ಅಕ್ಷಿಪಟವಾದರೋ ಅವುಗಳಲ್ಲಿ ಕೆಲವನ್ನು ಗ್ರಹಿಸಬಲ್ಲುದು. ಮಸೂರವಿಲ್ಲದ ಕಣ್ಣಿಗೆ ಅವು ಬಿಳಿಮಿಶ್ರಿತ ನೀಲಿಯಾಗಿ ತೋರುತ್ತವೆ. ನಾವು ನೀವು ಕಾಣದ ಬೆಳಕನ್ನು ಮೋನೆ ಎಂಬತ್ತು ದಾಟಿದ ಮೇಲೆ ಕಂಡಿರಬಹುದು. ಆತನಿಗೆ ಅದರಿಂದ ಸಂತೋಷವಾಗಲಿಲ್ಲ, ಸಿಟ್ಟು ಬಂದಿತು. ಆ ವರ್ಷಗಳಲ್ಲಿ ಗುಲಾಬಿತೋಟದಿಂದ ಕಾಣುವ ತನ್ನ ಮನೆಯನ್ನು ಆತ ಹಲವು ಸಲ ಚಿತ್ರಿಸಿದ್ದಾನೆ. ಪ್ಯಾರಿಸ್ಸಿನ ಮಾರ್ಮೊತ್ತಾನ್ ಸಂಗ್ರಹಾಲಯದಲ್ಲಿರುವ ಅವುಗಳಲ್ಲಿ ಕೆಲವು ಉರಿಗೆಂಪು, ಕೆಲವು ನೀಲಿ. ಒಂದೇ ಮನೆ, ಎರಡು ಕಣ್ಣು.

ಬಣ್ಣ ಕೊಟ್ಟ ಗಾಜಿನ ಕನ್ನಡಕ ಹಾಕಿ, ಎಡಗಣ್ಣನ್ನು ಮುಚ್ಚಿಕೊಂಡು ಕೆಲಸಕ್ಕೆ ಕುಳಿತ ಮೇಲೆ ದೃಷ್ಟಿ ಮೆಲ್ಲನೆ ಹದಕ್ಕೆ ಬಂದಿತು. ಆದರೂ ೧೯೨೫ರ ಆರಂಭದಲ್ಲಿ ಆತ ದಾನವನ್ನೇ ಹಿಂತೆಗೆದುಕೊಳ್ಳುವೆನೆಂದು ಬರೆದಾಗ ಕ್ಲೆಮಾನ್ಸೋ ಕೆಂಡವಾದ. ಮುದುಕ ಮತ್ತೆ ಕುಂಚ ಹಿಡಿದ. ಒಪ್ಪಿಗೆಯಾಗದ ಚಿತ್ರಗಳನ್ನು ತಾನೇ ನಾಶಮಾಡಿದ.

ಈ ಕೊನೆಯ ಚಿತ್ರಗಳೆಲ್ಲ ರೋಗದ ಕೂಸುಗಳೆಂದು ಹೇಳುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ರೂಪವನ್ನು ಬೆಳಕಿನಲ್ಲಿ ಕರಗಿಸುವ ಹವ್ಯಾಸ ಆತನಿಗೆ ಕಣ್ಣು ಚೆನ್ನಾಗಿದ್ದಾಗಲೇ ಇತ್ತು. ದೃಷ್ಟಿ ಮರಳಿದ ಮೇಲೂ ಆ ದೊಡ್ಡ ಫಲಕಗಳನ್ನು ಹಳೆಯ ಸ್ಪಷ್ಟತೆಗೆ ತಿದ್ದಲು ಆತ ಹೋಗಲಿಲ್ಲ. ಸೇತುವೆಯ ಕೆಂಪು ಬಣ್ಣದ ವಿಷಯ ಬೇರೆ. ಅದರಲ್ಲಿ ಮಸೂರದ ಪಾಲು ಇದ್ದೇ ಇದೆ.

೧೯೨೬ರ ಡಿಸೆಂಬರ್ ೫ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ, ಮೋನೆ ತೀರಿಕೊಂಡ. ಕೊನೆಯವರೆಗೂ ಆ ಫಲಕಗಳನ್ನು ಮನೆಯಿಂದ ಹೊರಕ್ಕೆ ಕಳುಹಿಸಿರಲಿಲ್ಲ. ಮರುವರ್ಷ ಮೇ ೧೭ರಂದು ಪ್ಯಾರಿಸ್ಸಿನ ಓರಾಂಜೆರಿಯಲ್ಲಿ, ಮೇಲಿನಿಂದ ಹಗಲಿನ ಬೆಳಕು ಬೀಳುವ ಎರಡು ಅಂಡಾಕಾರದ ಕೋಣೆಗಳಲ್ಲಿ, ಅವು ಜನರಿಗೆ ತೆರೆದುವು. ಒಟ್ಟು ಉದ್ದ ಸುಮಾರು ೯೦ ಮೀಟರು. ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಮಾತ್ರ ಆತ ಕಡೆಗೂ ಒಪ್ಪಲಿಲ್ಲ. ಅದರ ಪೊರೆ ಆತನೊಡನೆಯೇ ಮಣ್ಣಿಗೆ ಸೇರಿತು.