ಜೊತೆ ಎತ್ತಿನ ಲೆಕ್ಕ: ವಿದ್ಯುತ್ ಕಾರಿನ ಬ್ಯಾಟರಿ ಬದಲಿಸುವಾಗ

ರೇವಾ ಕಾರು ಇಟ್ಟುಕೊಂಡಿದ್ದ ಬೆಂಗಳೂರಿನವರಿಗೆ ಬ್ಯಾಟರಿ ಬದಲಿಸುವುದು ಹೊಸ ವಿಷಯವಲ್ಲ. 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ಕಾರಿನ ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳು ಕೂತಿರುತ್ತಿದ್ದವು. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಮೂರು ವರ್ಷದ ಆಸುಪಾಸಿನಲ್ಲಿ ಎಂಟನ್ನೂ ಇಳಿಸಿ ಹೊಸದು ಕೂರಿಸಬೇಕು. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಎಂಟೂ ಒಂದೇ ಸಾಲಿನಲ್ಲಿ ಸೇರಿಕೊಂಡಿರುವುದರಿಂದ ಎಲ್ಲದರೊಳಗೂ ಹಾಯುವುದು ಅದೇ ಕರೆಂಟು. ಎಳೆ ಹೋರಿಯನ್ನು ಮುದಿ ಎತ್ತಿನ ಜೊತೆ ನೊಗಕ್ಕೆ ಕಟ್ಟಿದರೆ ಗಾಡಿ ಸಾಗುವುದು ಮುದಿಯದರ ನಡಿಗೆಯಲ್ಲೇ. ಚಾರ್ಜಿಗೆ ಹಾಕಿದಾಗಲೂ ಹಳೆಯವು ಬೇಗ ತುಂಬಿ ಬಿಸಿಯೇರುತ್ತವೆ, ಹೊಸದಕ್ಕೆ ಇನ್ನೂ ಅರೆಹೊಟ್ಟೆ. 2009ರಲ್ಲಿ ಅದೇ ರೇವಾ ಲಿಥಿಯಂ ಬ್ಯಾಟರಿಯೊಂದಿಗೂ ಬಂತು. ಕಾರು ಹಗುರವಾಯಿತು, ಓಡುವ ದೂರ ಹೆಚ್ಚಿತು. ಜೊತೆ ಎತ್ತಿನ ಲೆಕ್ಕ ಮಾತ್ರ ಬದಲಾಗಲಿಲ್ಲ.

ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ ತಟ್ಟನೆ ಕೈಕೊಡುವುದಿಲ್ಲ, ಸವೆಯುತ್ತದೆ. ಒಳಗಿನ ಗ್ರಾಫೈಟಿನ ಮೇಲೆ ಮೊದಮೊದಲ ಚಾರ್ಜಿನಲ್ಲೇ ತೆಳ್ಳನೆಯ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಆ ಪೊರೆ ಬೇಕೇ ಬೇಕು. ಆದರೆ ವರ್ಷ ಕಳೆದಂತೆ ಅದು ದಪ್ಪವಾಗುತ್ತದೆ, ಅತ್ತಿತ್ತ ಓಡಾಡಬೇಕಿದ್ದ ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಈ ಸವೆತ ಇನ್ನೂ ಜೋರು.

ಇದು ಬೀದಿಗೆ ಬಂದು ಚರ್ಚೆಯಾದದ್ದು ನಿಸಾನ್ ಲೀಫ್ ಕಾರಿನಿಂದ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಲೀಫ್‌ನ ಬ್ಯಾಟರಿ, ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ, 24 ಯೂನಿಟ್ಟಿನದು. ಅದನ್ನು ತಣ್ಣಗಿಡಲು ನೀರಿನ ಕೊಳವೆಯೂ ಇರಲಿಲ್ಲ, ಫ್ಯಾನೂ ಇರಲಿಲ್ಲ. ಬ್ಯಾಟರಿಯ ಆರೋಗ್ಯ ತೋರಿಸಲು ಡ್ಯಾಶ್‌ಬೋರ್ಡಿನಲ್ಲಿ 12 ಗೀಟುಗಳು. ಅಮೆರಿಕದ ಅರಿಜೋನಾದ ಸುಡುಬಿಸಿಲಲ್ಲಿ ಎರಡೇ ವರ್ಷದೊಳಗೆ ಆ ಗೀಟುಗಳು ಒಂದೊಂದಾಗಿ ಆರತೊಡಗಿದವು. ಮಾಲೀಕರ ದೂರು ಹೆಚ್ಚಿದ ಮೇಲೆ ಕಂಪನಿ ವಾರಂಟಿ ವಿಸ್ತರಿಸಿತು. 2014ರಲ್ಲಿ ಹಳೆಯದನ್ನು ಮರಳಿಸಿದರೆ 5,499 ಡಾಲರಿಗೆ ಹೊಸ ಬ್ಯಾಟರಿ ಎಂದು ಬೆಲೆ ಕಟ್ಟಿತು.

ಪೂರ್ತಿ ಬ್ಯಾಟರಿಗೆ ದುಡ್ಡು ಸುರಿಯುವ ಮುಂಚೆ ಒಳಗೇನಾಗಿದೆ ಎಂದು ನೋಡಲೇಬೇಕು. ಲೀಫ್‌ನಲ್ಲಿರುವುದು 192 ಸೆಲ್‌ಗಳು, ಎರಡೆರಡು ಜೋಡಿಯಾಗಿ 96 ಜೋಡಿ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ಸಾಧನವೊಂದನ್ನು ಸಿಕ್ಕಿಸಿ ಮೊಬೈಲಿಗೆ ಜೋಡಿಸಿದರೆ ಪರದೆಯ ಮೇಲೆ 96 ಕಡ್ಡಿಗಳು ಸಾಲಾಗಿ ನಿಲ್ಲುತ್ತವೆ. ಕಾರು ನಿಂತಿದ್ದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ: ಎಲ್ಲ ಕಡ್ಡಿಗಳೂ ತುಸು ಬಗ್ಗುತ್ತವೆ, ಒಂದು ಮಾತ್ರ ಕುಸಿದು ಕೂರುತ್ತದೆ. ಕಾರು ತಟ್ಟನೆ ಶಕ್ತಿ ಕಳೆದುಕೊಳ್ಳುವುದು ಅದೊಂದರ ದೆಸೆಯಿಂದ. ಆ ಜೋಡಿ ಇರುವ ಮಾಡ್ಯೂಲನ್ನು, ಅಂದರೆ ಕೆಲವು ಸೆಲ್‌ಗಳನ್ನು ಒಟ್ಟಿಗೆ ಕೂರಿಸಿದ ಡಬ್ಬಿಯನ್ನು, ಬದಲಿಸಿದರೆ ಸಾಕು. ಆದರೆ ಅಲ್ಲಿಗೆ ಹಾಕಬೇಕಾದದ್ದು ಹೊಚ್ಚ ಹೊಸದನ್ನಲ್ಲ, ಉಳಿದವುಗಳಷ್ಟೇ ಸವೆದ ಇನ್ನೊಂದನ್ನು. 96 ಕಡ್ಡಿಗಳೂ ಒಟ್ಟಿಗೇ ಕುಗ್ಗಿದ್ದರೆ ಬಿಡಿ ರಿಪೇರಿ ಬರೀ ದಂಡ. ಪೂರ್ತಿ ಪ್ಯಾಕ್ ಬದಲಿಸುವುದೇ ಸರಿ.

ಹಾಗೆ ಬದಲಿಸುವಾಗ ದೊಡ್ಡದನ್ನೇ ಹಾಕಬಹುದು. 2017ರ ಕೊನೆಗೆ ಬಂದ ಹೊಸ ಲೀಫ್‌ನ 40 ಯೂನಿಟ್ಟಿನ ಬ್ಯಾಟರಿಯಲ್ಲೂ 192 ಸೆಲ್‌ಗಳೇ, ಪೆಟ್ಟಿಗೆಯ ಗಾತ್ರವೂ ಬಹುಮಟ್ಟಿಗೆ ಹಳೆಯದೇ. ಒಂದೊಂದು ಸೆಲ್ಲೂ ಹಿಡಿಯುವ ಚಾರ್ಜ್ ಮಾತ್ರ ಹೆಚ್ಚು. ತೊಡಕಿರುವುದು ಮಾತಿನಲ್ಲಿ. ಬ್ಯಾಟರಿಯೊಳಗಿನ ಕಂಪ್ಯೂಟರು ಕಾರಿನ ಕಂಪ್ಯೂಟರಿಗೆ ಸದಾ ವರದಿ ಒಪ್ಪಿಸುತ್ತಿರುತ್ತದೆ. ಹೊಸ ಬ್ಯಾಟರಿಯ ವರದಿ ಹಳೆಯ ಕಾರಿಗೆ ಅರ್ಥವಾಗುವುದಿಲ್ಲ. ಸ್ವತಂತ್ರ ಗ್ಯಾರೇಜಿನವರು ಇವೆರಡರ ನಡುವೆ ದುಭಾಷಿಯಂತೆ ಅಂಗೈಯಗಲದ ಒಂದು ಬೋರ್ಡು ಕೂರಿಸುತ್ತಾರೆ. ಈ ಭಾಷೆಯನ್ನು ಕಂಪನಿಗಳೇ ಬಿಚ್ಚಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿ, ಮೋಟಾರು ಗಟ್ಟಿಯಿರುವ ಕಾರು ಬರೀ ಮಾತು ತಿಳಿಯದ್ದಕ್ಕೆ ಗುಜರಿಗೆ ಹೋಗಬಾರದು.

ಮನೆಯಂಗಳದಲ್ಲಿ ಕೈಹಾಕುವ ಕೆಲಸ ಮಾತ್ರ ಇದಲ್ಲ. ತುಂಬಿದ ಪ್ಯಾಕಿನಲ್ಲಿ 400 ವೋಲ್ಟಿನಷ್ಟು ಇರುತ್ತದೆ, ತೂಕ ಸುಮಾರು 300 ಕಿಲೋ. ಬಲ್ಲವರು ಕೂಡ ರಬ್ಬರ್ ಗ್ಲೌಸ್ ತೊಟ್ಟು, ಕಾರಿನ ನೆಲದಲ್ಲಿರುವ ಕಿತ್ತಳೆ ಬಣ್ಣದ ಪ್ಲಗ್ ಕಿತ್ತು, ಹತ್ತು ನಿಮಿಷವಾದರೂ ಕಾದು, ಮೀಟರ್ ಹಿಡಿದು ನೋಡಿಯೇ ನಟ್ಟಿಗೆ ಸ್ಪ್ಯಾನರ್ ಹಾಕುವುದು.

ಇಳಿಸಿದ ಹಳೆಯ ಪ್ಯಾಕ್ ಏನಾಗುತ್ತದೆ? 2011ರ ಅಣು ದುರಂತದಲ್ಲಿ ಜನ ತೊರೆದು ಹೋಗಬೇಕಾಗಿ ಬಂದ ಜಪಾನಿನ ನಮಿಯೆ ಎಂಬ ಊರಿನಲ್ಲಿ, ನಿಸಾನ್ ಮತ್ತು ಸುಮಿಟೊಮೊ ಸೇರಿ ಕಟ್ಟಿದ ಫೋರ್‌ಆರ್ ಎನರ್ಜಿ ಕಂಪನಿ 2018ರಲ್ಲಿ ಕಾರ್ಖಾನೆ ತೆರೆಯಿತು. ಒಂದು ಪ್ಯಾಕಿನ 48 ಮಾಡ್ಯೂಲುಗಳನ್ನು ಅಳೆಯಲು ಮೊದಲು 16 ದಿನ ಹಿಡಿಯುತ್ತಿತ್ತು; ಅಲ್ಲಿ ಅದು 4 ಗಂಟೆಯ ಕೆಲಸವಾಯಿತು. ಗಟ್ಟಿಯಾಗಿರುವವನ್ನು ಆರಿಸಿ, ಸಮಸಮ ಸವೆದವನ್ನೇ ಜೊತೆಗೂಡಿಸಿ, 3 ಲಕ್ಷ ಯೆನ್‌ಗೆ ಮತ್ತೆ ಹಳೆಯ ಲೀಫ್‌ಗಳಿಗೇ ಹಾಕಿಕೊಟ್ಟರು. ಅದಕ್ಕಿಂತ ಸವೆದವು ಗೋದಾಮಿನ ಫೋರ್ಕ್‌ಲಿಫ್ಟುಗಳಿಗೆ. ಇನ್ನು ಕೆಲವು ರೈಲ್ವೆ ಗೇಟುಗಳ ಪಕ್ಕದ ಪೆಟ್ಟಿಗೆಯಲ್ಲಿ ಕೂತು, ಕರೆಂಟು ಹೋದಾಗ ಕೆಂಪು ದೀಪ ಆರದಂತೆ ನೋಡಿಕೊಳ್ಳುತ್ತಿವೆ.